ನಲವತ್ತು ಪ್ರಶ್ನೆ ಹೊತ್ತು ಭೀಮೆಯ ಆಚೆಗೆ

ಹರಗೋಲು

ಪರದೇಶಕ್ಕೆ ಹೋಗಿ ಬಂದವರೆಲ್ಲ ತಾವು ಹತ್ತಿದ ಹಡಗಿನ ಬಗ್ಗೆ ಬರೆಯುತ್ತಾರೆ. ನಾನೂ ಬರೆಯುತ್ತೇನೆ. ನನ್ನ ಹಡಗು ದುಂಡಗಿತ್ತು. ಬಿದಿರಿನದು, ತೊಗಲು ಹೊದಿಸಿದ್ದು. ನಡುನೀರಿನಲ್ಲಿ ಹನ್ನೊಂದು ಸಲ ಬುಗುರಿಯಂತೆ ತಿರುಗಿತು. ಜೊತೆಗೆ ಒಬ್ಬ ಮುದುಕಿ, ಅವಳ ಆಡು, ಎರಡು ಬುಟ್ಟಿ ಬದನೆಕಾಯಿ. ಐದನೆಯ ಸುತ್ತಿಗೆ ಆಡು ನನ್ನ ಟೋಪಿಯ ಅಂಚು ತಿಂದಿತು. ಆರನೆಯ ಸುತ್ತಿಗೆ ಮುದುಕಿ, 'ಅದಕ್ಕ ಹಸಿವಿ ಆಗಿತ್ತು ತಮ್ಮಾ' ಎಂದಳು. ಪರದೇಶಕ್ಕೆ ಹೋಗುವ ದಾರಿಯಲ್ಲಿ ಇಷ್ಟು ಕಳೆದುಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ.

ಭೀಮೆಯ ಈ ದಂಡೆ ಇಂಡಿ ತಾಲೂಕು, ಅಂದರೆ ಹಿಂದುಸ್ಥಾನ. ಆ ದಂಡೆ ಮಣ್ಣೂರ, ನಿಜಾಮ ಸೀಮೆ, ಅಂದರೆ ಪರದೇಶ. ಈ ವರ್ಷದ ಆಗಸ್ಟಿನವರೆಗೆ ಅದು ಬರಿಯ ಆ ದಂಡೆಯಾಗಿತ್ತು; ನಮ್ಮ ಎಮ್ಮೆಗಳು ಈಜಿ ಹೋಗಿ ಮೇಯ್ದು ಬರುತ್ತಿದ್ದವು. ಎಮ್ಮೆಗಳಿಗೆ ಸ್ವಾತಂತ್ರ್ಯದ ಸುದ್ದಿ ಯಾರೂ ಓದಿ ಹೇಳಿಲ್ಲ. ಅವು ಈಗಲೂ ಹೋಗುತ್ತವೆ.

ನನ್ನನ್ನು ಕರೆದುಕೊಂಡು ಹೋದವನು ನನ್ನ ಸೋದರಮಾವ ಗುರುಪಾದ. ಪುಣೆಯ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಾನೆ. ಹದಿನಾಲ್ಕರಿಂದ ಹದಿನೇಳು ವರ್ಷದ ಹುಡುಗರು ಶಿಂದಿ, ಸೆರೆ ಕುಡಿಯಲು ಏಕೆ ಸುರುಮಾಡುತ್ತಾರೆ, ಸುರುಮಾಡುವ ಮೊದಲೇ ಅವರನ್ನು ಗುರುತಿಸಿ ತಡೆಯಬಹುದೇ ಎಂಬುದು ಅವನ ಸಂಶೋಧನೆ. ನಮ್ಮ ಕಡೆ ಕುಡಿತ ನಿಲ್ಲಿಸುವ ದಾರೂಬಂದಿಯ ಮಾತು ನಡೆದಿದೆ, ಆ ಕಡೆ ಊರೂರಿಗೆ ಸರಕಾರದ ಪರವಾನಗಿಯ ಶಿಂದಿ ಅಂಗಡಿ ಇದೆ. ಹೀಗಾಗಿ ಎರಡೂ ಕಡೆಯ ಹುಡುಗರನ್ನು ಹೋಲಿಸಿ ನೋಡಬೇಕೆಂದು ಅವನಿಗೆ ಆಸೆ. ಅವನ ಚೀಲದಲ್ಲಿ ನಲವತ್ತು ಪ್ರಶ್ನೆಗಳ ನೇರಳೆ ಶಾಯಿಯ ಹಾಳೆಗಳಿದ್ದವು. ಮಸಿ ಚೆಲ್ಲಿ ಮಡಚಿ ಒತ್ತಿ ತಾನೇ ಮಾಡಿದ ಹತ್ತು ಚಿತ್ರಗಳಿದ್ದವು. ಅವುಗಳಲ್ಲಿ ಏನು ಕಾಣುತ್ತದೆ ಎಂದು ಹುಡುಗ ಹೇಳಿದರೆ ಹುಡುಗನೇ ಮಾಮಾನಿಗೆ ಕಾಣುತ್ತಾನಂತೆ.

'ಕುಡಿಯೂದು ಒಂದs, ಕುಡಿಯೂ ಕಾರಣ ನಾಕು' ಎನ್ನುತ್ತಾನೆ ಮಾಮಾ. ಒಬ್ಬ ಅಂಜಿಕೆಗೆ ಕುಡಿಯುತ್ತಾನೆ, ಒಬ್ಬ ದುಃಖಕ್ಕೆ, ಒಬ್ಬ ಮಜಾಕ್ಕೆ, ಒಬ್ಬನ ಕೈ ತಲೆಗಿಂತ ಮುಂದೆ ಓಡುತ್ತದೆ. ಯಾವನು ಯಾವ ತರಹ ಎಂದು ತಿಳಿದರೆ ಅವನೊಡನೆ ಶಿಂದಿಯ ಮಾತು ಬಿಟ್ಟು ಆ ಕಾರಣದ ಮಾತನ್ನೇ ಆಡಬಹುದು.

ನಾನೇಕೆ ಹೋದೆ? ದಸರೆಯ ಸುಮಾರಿಗೆ ಗೆಳೆಯರ ಜೊತೆ ಈಚಲ ಬನದಲ್ಲಿ ನಾನು ಶಿಂದಿ ಕುಡಿದೆ. ಮನೆಗೆ ಬಂದು ಎತ್ತಿನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಅಪ್ಪನ ಮುಂದೆ ಎತ್ತಿನ ಮೇವಿನ ಒಂದು ಸಿವುಡು ಕಣಿಕೆ ಹಾಕಿದೆ. ಅಪ್ಪ ಮರುದಿನವೇ ನನ್ನನ್ನು ಶಾಲೆ ಬಿಡಿಸಿ ಸೊಲ್ಲಾಪುರದ ದೊಡ್ಡಪ್ಪನ ಜೋಳದ ಅಡತಿ ಅಂಗಡಿಯಲ್ಲಿ ಚೀಲ ಹೊರಲು ಕಳಿಸುವುದೆಂದು ತೀರ್ಮಾನಿಸಿದ. ಮಾಮಾ ಅಡ್ಡ ಬಂದು ಅಕ್ಕನ ಗಂಡನಿಗೆ ಹೇಳಿದ. 'ಮಾವಾರ, ನನ್ನ ಜೋಡಿ ಕಳಸ್ರಿ. ಈ ಶಿವ್ಯಾನ್ನ ಪರೀಕ್ಷಾ ಮಾಡಿ ಬರದ ಕೊಡ್ತೇನಿ. ಕುಡುಕ ಆಗಾಂವ ಅಂತ ಬಂದ್ರ ಅಂಗಡಿ. ಇಲ್ಲಾಂದ್ರ ಸಾಲಿ.'

ನನಗೆ ಅಕ್ಷರ ಚೆನ್ನಾಗಿ ಬರುತ್ತದೆಂದು ಹಾಳೆ ತುಂಬುವ ಕೆಲಸ ನನ್ನದೇ ಆಯಿತು. ನನ್ನ ಸ್ವಂತ ಹಾಳೆ ಮಾತ್ರ ಎಲ್ಲಕ್ಕಿಂತ ಕೊನೆಗೆ, ಜೇವರ್ಗಿಯಲ್ಲಿ. ಅಷ್ಟರೊಳಗೆ ನಲವತ್ತೂ ಪ್ರಶ್ನೆ ನನಗೆ ಬಾಯಿಪಾಠ ಆಗುತ್ತದೆಂದು ಮಾಮಾನಿಗೆ ಹೊಳೆಯಲಿಲ್ಲ. ಮನಃಶಾಸ್ತ್ರ ದೊಡ್ಡ ಶಾಸ್ತ್ರ; ಸಣ್ಣ ಮಾತುಗಳು ಅದರ ಕಣ್ಣಿಗೆ ಬೀಳುವುದಿಲ್ಲ.

ಮಣ್ಣೂರ

ದಂಡೆ ಹತ್ತಿದ ಕೂಡಲೇ ಕರೋಡಗೀರಿ ನಾಕಾ, ಅಂದರೆ ಸುಂಕದ ಕಟ್ಟೆ. ಭಾಷೆ ಬದಲಾಗಿರುತ್ತದೆ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕಾದೆ. ಬೈಗುಳ ಕೂಡ ನಮ್ಮವೇ. ಬದಲಾದದ್ದು ತಾರೀಖು. ಈ ಕಡೆ ನವೆಂಬರ್ ನಡೆದಿತ್ತು. ಆ ಕಡೆ ಬರೆಸಿಕೊಂಡ ಕಾಗದದ ಮೇಲೆ 'ದೈ' ಎಂಬ ತಿಂಗಳು. ಒಂದು ಹರಗೋಲಿನಲ್ಲಿ ತಿಂಗಳನ್ನೇ ದಾಟಿದವನು ನಾನು.

ನಾಕೆಯ ಜವಾನ ಗಿರಿಜಾ ಮೀಸೆಯವನು. ಚೀಲ ಬಿಚ್ಚಿ ಮಸಿಯ ಚಿತ್ರ ಹೊರಗೆ ತೆಗೆದ. ಅವನ ಮುಖ ಗಂಟಾಯಿತು.

'ಏ ಕ್ಯಾ ಹೈ? ನಕ್ಷಾ ಏನಿದು?'

'ನಕ್ಷಾ ಅಲ್ರಿ ಸಾಹೇಬ್ರ' ಎಂದ ಮಾಮಾ. 'ಬರೇ ಮಸಿ.'

'ಮಸಿ ಹಿಂಗ ಎರಡೂ ಕಡೆ ಸರಿಯಾಗಿ ಬೀಳ್ತದೇನ್ರಿ? ಇದು ಹೊಳಿ, ಇದು ದಂಡಿ, ಇದು ನಮ್ಮ ನಾಕಾ. ಖರೇ ಹೇಳ್ರಿ.'

ಆ ದಿನಗಳಲ್ಲಿ ನಕ್ಷೆಯ ಗುಮಾನಿ ಬಂದರೆ ಸೆರೆಮನೆ. ಹರಗೋಲು ಇನ್ನೂ ದಂಡೆಯಲ್ಲಿದೆಯೇ ಎಂದು ನಾನು ತಿರುಗಿ ನೋಡಿದೆ. ಮಾಮಾ ಮಾತ್ರ ಪೆನ್ಸಿಲ್ ತೆಗೆದ. 'ನಿಮಗ ಹಂಗ ಕಾಣಸ್ತದೇನ್ರಿ? ಇನ್ನೊಮ್ಮೆ ನೋಡ್ರಿ. ಅವಸರ ಇಲ್ಲ.'

ಜವಾನ ನೋಡಿದ. ಚಿತ್ರ ತಿರುವಿ ನೋಡಿದ. ಬಂದೂಕನ್ನು ಗೋಡೆಗೆ ಆನಿಸಿ ನೆಲದ ಮೇಲೆ ಕೂತ. 'ಎಮ್ಮಿ' ಎಂದ ಕೊನೆಗೆ. 'ಮಾರಿ ಈ ಕಡೆ ಮಾಡ್ಯಾದ. ನಮ್ಮ ಮನ್ಯಾಗ ಇತ್ರಿ. ಸತ್ತು ಎರಡ ವರ್ಷ ಆತು. ನಾ ಸೂಟಿ ಮ್ಯಾಗ ಮನಿಗಿ ಹ್ವಾದ್ರ ನನ್ನ ಸಪ್ಪಳಕ್ಕ ಒದರ್ತಿತ್ತು.'

ಉಳಿದ ಮೂವರು ಜವಾನರೂ ಸಾಲಾಗಿ ಬಂದು ನಿಂತರು. ಒಬ್ಬನಿಗೆ ಬಾವಲಿ, ಒಬ್ಬನಿಗೆ ಹೆಂಡತಿಯ ತವರುಮನೆ, ಒಬ್ಬನಿಗೆ ಏನೂ ಕಾಣದೆ ಅವನಿಗೆ ಅಳು ಬರುವಂತಾಯಿತು. 'ನಂದೂ ಏನರೆ ಬರಕೋರಿ' ಎಂದು ಗಂಟುಬಿದ್ದ. ನಾವು ಹೊರಟಾಗ ನಾಲ್ವರೂ ಸಲಾಮು ಹೊಡೆದರು.

ಗೊಬ್ಬೂರ

ಅಫಜಲಪುರದಿಂದ ಗೊಬ್ಬೂರಿಗೆ ಎತ್ತಿನ ಗಾಡಿ. ಹಾದಿಯುದ್ದಕ್ಕೂ ಮೊಳಕಾಲೆತ್ತರದ ಬಿಳಿಜೋಳ, ನಮ್ಮ ಹೊಲದಷ್ಟೇ ಹಸಿರು. ಪರದೇಶದ ಜೋಳ ಬೇರೆ ಇರುತ್ತದೆಂದು ಇಳಿದು ಕಿತ್ತು ನೋಡಿದೆ. ಗಾಡಿಯವನು ಕೈಗೆ ಬಾರುಕೋಲು ತೆಗೆದುಕೊಂಡ ರೀತಿ ಕೂಡ ನಮ್ಮ ಕಡೆಯದೇ.

ನಾವು ಇಳಿದುಕೊಂಡದ್ದು ಬಸಲಿಂಗಪ್ಪಗೌಡರ ಮನೆಯಲ್ಲಿ. ಮಾಮಾ ಕೋಟು ತೊಟ್ಟಿದ್ದ, ಕೈಯಲ್ಲಿ ಕೊಡೆ. ಚಹಾ ಆದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. 'ಗೌಡ್ರ, ನಿಮ್ಮೂರಾಗ ಹದಿನೈದು ಹದಿನಾರು ವರ್ಷದ ಹುಡುಗೂರು ಎಷ್ಟ ಮಂದಿ ಇದ್ದಾರ್ರಿ? ಅವರ ಸ್ವಭಾವ, ನಡತಿ, ಚಟಾ ಗಿಟಾ ಸ್ವಲ್ಪ ವಿಚಾರ ಮಾಡೂದಿತ್ತು.'

ಗೌಡರು ಮಾಮಾನನ್ನು ನೋಡಿದರು. ನನ್ನನ್ನು ನೋಡಿದರು. ಬಾಗಿಲ ಹಿಂದೆ ಬಳೆಯ ಸಪ್ಪಳವಾಯಿತು. 'ಆಗ್ಲಿ ಆಗ್ಲಿ, ಅವಸರ ಏನದ್ರಿ' ಎಂದರು ಗೌಡರು, ನಗು ಅಡಗಿಸಿಕೊಂಡು. 'ಮೊದ್ಲು ಊಟ ಆಗ್ಲಿ.'

ಮರುದಿನ ಕಟ್ಟೆಯ ಮೇಲೆ ಹನ್ನೆರಡು ಹುಡುಗರು ಬಂದು ಕೂತರು. ಎಲ್ಲರ ತಲೆಗೂ ಎಣ್ಣೆ, ಹಣೆಗೆ ಮೂರು ಬೆರಳಿನ ವಿಭೂತಿ, ಗಂಟಿನ ವಾಸನೆ ಬಿಡದ ಹೊಸ ಅಂಗಿ. ಒಬ್ಬೊಬ್ಬನ ಬೆನ್ನಿಗೆ ಒಬ್ಬ ಅಪ್ಪ, ಒಬ್ಬ ಸೋದರಮಾವ. ಪ್ರಶ್ನೆ ಹುಡುಗನಿಗೆ, ಉತ್ತರ ಅಪ್ಪನದು.

'ಸಿಟ್ಟ ಬಂದ್ರ ಏನ ಮಾಡ್ತಿ?' ಎಂದ ಮಾಮಾ ಮೊದಲನೆಯವನಿಗೆ.

'ಸಿಟ್ಟ್ರಿ? ನಮ್ಮ ಮನಿತನಕ್ಕs ಸಿಟ್ಟ ಗೊತ್ತಿಲ್ರಿ' ಎಂದ ಅಪ್ಪ. ಹುಡುಗ ಏನೋ ಹೇಳಲು ಬಾಯಿ ತೆರೆದ. 'ಬಾಯಿ ಮುಚ್ಚಲೇ!' ಎಂದು ಅಪ್ಪ ಒದರಿದ ರಭಸಕ್ಕೆ ಬೇವಿನ ಮರದ ಕಾಗೆಗಳು ಎದ್ದು ಹೋದವು.

'ಶಿಂದಿ ರುಚಿ ನೋಡೀಯೇನು?'

'ಚಹಾ ಸುದ್ದಾ ಮುಟ್ಟಾಂಗಿಲ್ರಿ. ಬರೇ ಹಾಲು.'

ಎರಡನೆಯ ಹುಡುಗನ ಅಪ್ಪ ಹಿಂದೆ ಬೀಳುವನೇ? 'ನಮ್ಮಂವ ಹಾಲೂ ಕುಡಿಯಾಂಗಿಲ್ರಿ.'

'ನೀರು?' ಎಂದು ನಾನು ಕೇಳಿದೆ.

'ನೀರೂ ಕಡಿಮಿನೇ.'

ಇಲ್ಲಿ ಸೆರೆ ಕುಡಿಯುವವನು ಇಡೀ ಊರಿನಲ್ಲಿ ಒಬ್ಬನೂ ಇಲ್ಲ ಎಂದಾಯಿತು. ಶಿಂದಿ ಅಂಗಡಿ ಕಟ್ಟೆಯಿಂದ ನೂರು ಮಾರು ದೂರದಲ್ಲಿತ್ತು. ಅದರ ಮುಂದೆ ಬರಿದಾಗಿ ಬಿದ್ದ ಮಣ್ಣಿನ ಮಗಿಗಳನ್ನೆಲ್ಲ ಬಹುಶಃ ಎತ್ತುಗಳೇ ಕುಡಿದಿರಬೇಕು.

ಮಧ್ಯಾಹ್ನ ಗೌಡತಿ ನನ್ನನ್ನು ಒಳಗೆ ಕರೆದು ಹೋಳಿಗೆ ಬಡಿಸಿದರು. ತುಪ್ಪ ಎಲೆಯಿಂದ ಹೊರಗೆ ಹರಿಯಿತು. ಪಕ್ಕಕ್ಕೆ ಕೂತು ಬೀಸಣಿಕೆ ಬೀಸುತ್ತ ಕೇಳಿದರು: 'ಅಕ್ಕಾ ತಂಗೇರು ಎಷ್ಟ ಮಂದಿ ಇದ್ದಾರ ತಮ್ಮಾ?'

'ಒಬ್ಬಾಕಿ ಅಕ್ಕ ಇದ್ದಾಳ್ರಿ.'

'ವಯಸ್ಸೆಷ್ಟಪಾ ಆಕೀಗಿ?'

'ಹದಿನೇಳ್ರಿ.'

'ಬಣ್ಣಾ?'

'ನನ್ನಕಿಂತ ಬೆಳ್ಳಗ ಇದ್ದಾಳ್ರಿ.' ನನಗಿಂತ ಕಪ್ಪಗಿರುವುದು ನಮ್ಮೂರಲ್ಲಿ ಕಾವಲಿ ಒಂದೇ.

ಎರಡನೆಯ ಹೋಳಿಗೆಗೆ ನನಗೆ ಎಲ್ಲ ತಿಳಿಯಿತು. ಹೆಣ್ಣಿನ ಕಡೆಯವರು ವರನ ವಿಚಾರಣೆಗೆ ಬರುವುದೇ ಹೀಗೆ. ಬಂದ ಕಾರಣ ಹೇಳುವುದಿಲ್ಲ. ಹುಡುಗನ ಸಿಟ್ಟು, ಚಟ, ನಿದ್ದೆ, ಸಹವಾಸ ಎಲ್ಲ ಸುತ್ತಿ ಬಳಸಿ ಕೇಳುತ್ತಾರೆ. ಕೇಳಿಸಿಕೊಂಡವರೂ ಕಾರಣ ಕೇಳುವಂತಿಲ್ಲ. ಮಾಮಾನ ನಲವತ್ತು ಪ್ರಶ್ನೆಗಳಲ್ಲಿ ಮೂವತ್ತೆಂಟು ನನ್ನ ಅಜ್ಜಿ ಅಕ್ಕನ ಗಂಡನ ಬಗ್ಗೆ ಕೇಳಿದ್ದವೇ. ಕೋಟಿನ ಮಾಮಾ ಹೆಣ್ಣಿನ ಹಿರಿಯ, ನಾನು ಹೆಣ್ಣಿನ ತಮ್ಮ. ನನ್ನ ಅಕ್ಕನಿಗೆ ಮದುವೆಯಾಗಿ ಒಂದು ಕೂಸಿದೆ ಎಂಬುದನ್ನು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ನನಗಿಲ್ಲ. ಒಟ್ಟು ಆರು ಹೋಳಿಗೆ ತಿಂದೆ.

ಹೊರಡುವಾಗ ಗೌಡರ ಮಗ ಶರಣಪ್ಪ ಗಾಡಿಯ ಹತ್ತಿರ ಬಂದ. ನನ್ನದೇ ವಯಸ್ಸು, ಒಂದು ವರ್ಷ ಹೆಚ್ಚಿರಬಹುದು. ಗಾಲಿಯನ್ನು ನೋಡುತ್ತ ಕೇಳಿದ: 'ನಿಮ್ಮಕ್ಕಗ ಓದಾಕ ಬರ್ತದೇನು? ನನಗ ಬರಾಂಗಿಲ್ಲ. ಅಪ್ಪ ಬರ್ತದಂತ ಹೇಳ್ಯಾನ. ಅದು ಸುಳ್ಳು.'

ನಾನು ಏನೋ ಅಂದು ಗಾಡಿ ಹತ್ತಿದೆ. ಹೋಳಿಗೆ ಸ್ವಲ್ಪ ಭಾರವಾಯಿತು.

ಆಳಂದ

ಕಲಬುರ್ಗಿಯ ಮೇಲೆ ಹಾಯ್ದು ಆಳಂದಕ್ಕೆ ಬಸ್ಸು. ಇದ್ದಿಲ ಹೊಗೆಯಿಂದ ಓಡುವ ಬಸ್ಸು ಅದು. ಏರು ಬಂದಾಗ ಗಂಡಸರು ಇಳಿದು ನೂಕಬೇಕು, ಇಳಿಜಾರು ಬಂದಾಗ ಎಲ್ಲರೂ ದೇವರನ್ನು ನೆನೆಯಬೇಕು. ಹೊಗೆ ತಿಂದು ಇಳಿದಾಗ ನಾನು ಮಾಮಾನ ಮಸಿಯ ಚಿತ್ರಗಳಲ್ಲಿ ಹನ್ನೊಂದನೆಯದಾಗಿದ್ದೆ.

ಮಾಮಾ ಧರ್ಮಶಾಲೆಯಲ್ಲಿ ಗೊಬ್ಬೂರಿನ ಹಾಳೆ ಹರವಿಕೊಂಡು ತಲೆ ಹಿಡಿದು ಕೂತ. 'ಹನ್ನೆರಡು ಹುಡುಗೂರು, ಒಬ್ಬಗೂ ಸಿಟ್ಟಿಲ್ಲ, ಅಂಜಿಕಿ ಇಲ್ಲ, ಕನಸ ಸುದ್ದಾ ಬೀಳಾಂಗಿಲ್ಲ. ಶಿವ್ಯಾ, ನನ್ನ ಪ್ರಶ್ನಿನೇ ಕೆಟ್ಟಾವ. ಆಳಂದದಾಗೂ ಹಿಂಗಾದ್ರ ಜೇವರ್ಗಿ ಬ್ಯಾಡ. ಮನಿಗಿ ಹ್ವಾಗೂಣು. ನಿನ್ನ ಹಾಳಿ ಇಲ್ಲೇ ತುಂಬ್ತೇನಿ.'

ಇನ್ನೂ ಹದಿನಾರು ಪ್ರಶ್ನೆಗಳ ಸರಿಯುತ್ತರ ನನಗೆ ಕೂತಿರಲಿಲ್ಲ. ಮಾಮಾನ ಮೇಲೆ ಕರುಣೆಯೂ ಬಂತು. ನಾನು ಅಷ್ಟೇನೂ ಕೆಟ್ಟವನಲ್ಲ. ಸಂಜೆ ಊರಿನ ತಾಲೀಮಿಗೆ ಹೋದೆ. ಕೆಂಪು ಮಣ್ಣಿನಲ್ಲಿ ಕುಸ್ತಿ ಆಡುವ ಹುಡುಗರಿಗೆ ಹಣಮಂತ ಎಂಬವನು ಮುಂದಾಳು. ತೋಳು ನನ್ನ ತೊಡೆಯಷ್ಟು. ಅವನ ಕಿವಿಯಲ್ಲಿ, ನನ್ನ ಮಾಮಾ ಪುಣೆಯ ಸಿನೆಮಾದವನು, ಗೂಂಡಾಗಳ ಪಾತ್ರಕ್ಕೆ ಹುಡುಗರನ್ನು ಆರಿಸಲು ಬಂದಿದ್ದಾನೆ, ಯಾರಿಗೂ ಹೇಳಬಾರದು ಎಂದೆ. ಯಾರಿಗೂ ಹೇಳಬಾರದು ಎಂದದ್ದರಿಂದ ಮರುದಿನ ಇಪ್ಪತ್ತಾರು ಹುಡುಗರು ಬಂದರು.

'ಶಿಂದಿ ಕುಡದೀಯೇನು?' ಎಂದ ಮಾಮಾ, ಆಸೆ ಬಿಟ್ಟ ದನಿಯಲ್ಲಿ.

'ಎಂದು ಕುಡದಿಲ್ಲ ಅಂತ ಕೇಳ್ರಿ' ಎಂದ ಹಣಮಂತ. 'ಹುಟ್ಟಿದಾಗ ನಮ್ಮವ್ವ ಹಾಲು ತಂದ್ಲು. ನಾ ಮಾರಿ ತಿರುವಿದೆ.'

ಮಾಮಾನ ಬೆನ್ನು ನೆಟ್ಟಗಾಯಿತು. 'ಕುಡದ ಮ್ಯಾಗ?'

'ಬಡೀತೀನ್ರಿ. ಯಾರ ಸಿಗ್ತಾರ ಅವ್ರನ್ನ.'

ಇನ್ನೊಬ್ಬ ಅವನನ್ನು ಸರಿಸಿ ಮುಂದೆ ಬಂದ. 'ಇವಂದೇನ್ರಿ! ನಾ ಮೂರ ಕೊಡ ಕುಡದು ಬಾವಿಗಿ ಹಾರೀನ್ರಿ. ಬಾವ್ಯಾಗ ನೀರ ಇದ್ದಿಲ್ಲ.'

'ಏನೂ ಆಗಲಿಲ್ಲ?'

'ಬಾವಿ ಒಂದೀಟ ಒಡೀತು.'

ಮಸಿಯ ಚಿತ್ರಗಳಲ್ಲಿ ಎಲ್ಲರಿಗೂ ಹುಲಿ, ನೆತ್ತರು, ಕತ್ತಿ. ನಾನು ಬರೆದು ಬರೆದು ಬೆರಳು ಬಾತವು. ಕೊನೆಯವನು ಒಬ್ಬ ಸಣ್ಣ ಹುಡುಗ, ಏನೂ ಹೊಳೆಯದೆ ಅಳತೊಡಗಿದ. ಅವನನ್ನು ನೀರು ಕುಡಿಸುವ ನೆಪದಲ್ಲಿ ಹೊರಗೆ ಸಾಗಿಸಿದೆ.

ಮಾಮಾನ ಖುಷಿ ನೋಡಬೇಕಿತ್ತು. ಅಫಜಲಪುರದ ಕಡೆಯ ಹುಡುಗರು ಒಂದು ತರಹ, ಆಳಂದದವರು ಒಂದು ತರಹ. ಪುಣೆಯ ಪಂಡಿತರ ಮುಂದೆ ಓದಲು ಪ್ರಬಂಧವನ್ನೇ ಸುರುಮಾಡಿದ. ಅಲ್ಲಿಗೂ ನಿಲ್ಲಲಿಲ್ಲ. ಎಲ್ಲಕ್ಕಿಂತ ಅಪಾಯದಲ್ಲಿದ್ದಾರೆಂದು ಏಳು ಹುಡುಗರ ಹೆಸರು ಬರೆದು ಅವರ ಹೆಡ್‌ಮಾಸ್ತರರಿಗೆ ಒಂದು ಪತ್ರ ಮಾಡಿದ: ಇವರ ಮೇಲೆ ಈಗಿನಿಂದಲೇ ಕಣ್ಣಿಡಬೇಕು. ಮೊದಲ ಹೆಸರು ಹಣಮಂತ.

'ಜೇವರ್ಗಿ ಮುಗೀಲಿ, ಹೋಲಿಸಿ ನೋಡಿ ಅಲ್ಲಿಂದ ಟಪಾಲಿಗಿ ಹಾಕ್ತೇನಿ' ಎಂದ.

ಹೆಡ್‌ಮಾಸ್ತರರು ಎಂಥವರೋ ನನಗೆ ಗೊತ್ತಿಲ್ಲ. ಆದರೆ ಅಂಥ ಪತ್ರ ಬಂದ ಮೇಲೆ ದೊಡ್ಡವರು ಏನು ಮಾಡುತ್ತಾರೆ ಎಂಬುದು ನನ್ನ ಅಪ್ಪನನ್ನು ನೋಡಿ ಗೊತ್ತಿತ್ತು. ಏಳು ಹುಡುಗರಿಗೂ ಒಬ್ಬೊಬ್ಬ ದೊಡ್ಡಪ್ಪ, ಒಂದೊಂದು ಜೋಳದ ಅಂಗಡಿ ಇದ್ದೇ ಇರುತ್ತದೆ. ನಿಜ ಹೇಳಿದರೆ ಚೀಲ ಹೊರುವವನು ನಾನು. ಹೇಳದಿದ್ದರೆ ಅವರು. ಬಸ್ಸಿನಲ್ಲಿ ನಾನು ಲೆಕ್ಕ ಹಾಕಿದೆ: ಅವರು ಕುಸ್ತಿಯವರು, ಚೀಲ ಹೊರಲು ನನಗಿಂತ ತಕ್ಕವರು. ಏರು ಬಂತು, ಇಳಿದು ನೂಕಿದೆ.

ಜೇವರ್ಗಿ

ಜೇವರ್ಗಿಯಲ್ಲಿ ನಾನು ಯಾವ ಸುಳ್ಳನ್ನೂ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲಿರಲಿಲ್ಲ. ದಾರಿಯಲ್ಲಿ ಒಬ್ಬ ರೈತ ಹಸಿ ಶೇಂಗಾ ಕೊಟ್ಟಿದ್ದ. ನಾನು ಆ ಸೀಮೆಯ ಅರ್ಧ ಬೆಳೆ ತಿಂದೆ. ಮೂರು ದಿನ ಚಾವಡಿಯ ಮೂಲೆಯಲ್ಲಿ ಕಂಬಳಿ ಹೊದ್ದು, ಮೊಳಕಾಲು ಎದೆಗೆ ಒತ್ತಿಕೊಂಡು ಬಿದ್ದಿದ್ದೆ. ಹಾಳೆಗಳನ್ನು ಮಾಮಾನೇ ತುಂಬಿದ.

ಎರಡನೆಯ ದಿನ ಹೊತ್ತು ಇಳಿಯುವಾಗ ಒಬ್ಬ ಹುಡುಗ ಒಬ್ಬನೇ ಬಂದ. ಭೀಮಶ್ಯಾ ಎಂದು ಹೆಸರು, ಹದಿನಾರು ವರ್ಷ, ಹತ್ತಿ ಬಿಡಿಸುವ ಕೆಲಸ. ಅಪ್ಪ ಇಲ್ಲ, ಮಾವ ಇಲ್ಲ, ವಿಭೂತಿ ಇಲ್ಲ. ನನಗೆ ನಿದ್ದೆ ಬಂದಿದೆ ಎಂದುಕೊಂಡು ಮಾಮಾನ ಎದುರು ಕೂತ.

'ಶಿಂದಿ ಕುಡೀತಿಯೇನಪಾ?'

'ಕುಡೀತೇನ್ರಿ.'

ಇಷ್ಟೇ. ಬಾವಿ ಇಲ್ಲ, ಹುಲಿ ಇಲ್ಲ. ನಾನು ಕಂಬಳಿಯೊಳಗೆ ಕಣ್ಣು ತೆರೆದೆ.

'ಯಾಕ?'

ಅವನು ಬೆರಳಿಗೆ ಅಂಟಿದ ಹತ್ತಿಯ ಎಳೆ ಕಿತ್ತ. 'ಸಂಜಿ ಆತಂದ್ರ ಎದಿ ಡವಡವ ಅಂತದ್ರಿ. ಯಾರೂ ಬೈದಿರಾಂಗಿಲ್ಲ, ಬಡದಿರಾಂಗಿಲ್ಲ. ಸುಮ್ನs ಅಂತದ. ಕೈ ಬೆವರ್ತಾವ. ಮಂದಿ ಎಲ್ಲಾ ನನ್ನೇ ನೋಡಾಕತ್ತಾರ ಅನಸ್ತದ. ಒಂದ ಮಗಿ ಕುಡದ್ರ ನಿಲ್ತದ. ಮೊದ್ಲ ಒಂದ ಸಾಕಾಗ್ತಿತ್ತು. ಈಗ ಎರಡ ಬೇಕಾಗ್ತಾವ.'

'ಯಾವಾಗಿಂದ ಹಿಂಗ?'

'ಸಾಲಿಯೊಳಗ ಎದ್ದ ನಿಂತು ಓದು ಅಂದ್ರು. ದನಿ ಹೊರಗ ಬರಲಿಲ್ರಿ. ಎಲ್ಲಾರೂ ನಕ್ಕರು. ಮರುದಿನ ಹ್ವಾಗಲಿಲ್ಲ. ಆಮ್ಯಾಗ ಹ್ವಾಗಲೇ ಇಲ್ಲ.'

ನಮ್ಮ ತರಗತಿಯಲ್ಲಿ ಯಾರ ದನಿಯಾದರೂ ಸಿಕ್ಕಿಕೊಂಡರೆ ಮೊದಲು ನಗುವವನು ನಾನು. ನಾನು ನಕ್ಕರೆ ಉಳಿದವರೂ ನಗುತ್ತಾರೆ. ಅದು ನನ್ನ ಹೆಸರುವಾಸಿಯಾದ ವಿದ್ಯೆ. ಕಂಬಳಿಯೊಳಗೆ ಸೆಕೆಯಾಯಿತು.

ಮಾಮಾ ಕುಡಿಯಬೇಡ ಅನ್ನಲಿಲ್ಲ. ನಲವತ್ತು ಪ್ರಶ್ನೆಯ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟ. 'ನಾಳಿ ಎದಿ ಡವಡವ ಅಂದ ಕೂಡ್ಲೇ ಶಿಂದಿ ಅಂಗಡಿಗಿ ಹ್ವಾಗೂ ಮೊದ್ಲ ಇಲ್ಲಿ ಬಾ. ಇಬ್ಬರೂ ಕೂತು ನೋಡೂಣು, ಅದು ತಾನ ತಾನs ನಿಲ್ತದೋ ಇಲ್ಲೋ ಅಂತ.'

ಮರುದಿನ ಬಂದ. ಮಾಮಾ ಗಡಿಯಾರ ಬಿಚ್ಚಿ ಅವನ ಕೈಗೆ ಕೊಟ್ಟ. ಇಬ್ಬರೂ ಅದರ ಮುಳ್ಳು ನೋಡುತ್ತ ಕೂತರು. ಭೀಮಶ್ಯಾನ ಹಣೆಯ ಮೇಲೆ ಬೆವರು ಹನಿಗಟ್ಟಿತು. ಒಮ್ಮೆ ಎದ್ದು ನಿಂತ, ಮತ್ತೆ ಕೂತ. ಚಾವಡಿಯವನು ಬಂದು ಲಾಟೀನು ಹಚ್ಚಿ ಹೋಗುವಷ್ಟರಲ್ಲಿ ಅವನು ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡು, 'ನಿಂತದ್ರಿ' ಎಂದ. ತಾನೇ ನಂಬದವನ ಹಾಗೆ ಇನ್ನೊಮ್ಮೆ, 'ಕುಡೀದನs ನಿಂತದ್ರಿ.' ಅದರ ಮರುದಿನವೂ ಬಂದ, ಮೂರನೆಯ ದಿನವೂ ಬಂದ. ಒಂದು ಸಂಜೆ ಬರಲಿಲ್ಲ. ಅದರ ಮರುಸಂಜೆ ತಲೆ ತಗ್ಗಿಸಿ ಬಂದ, ಮಾಮಾ ಏನೂ ಕೇಳದೆ ಗಡಿಯಾರ ಕೊಟ್ಟ.

ಹನ್ನೆರಡು ದೇವರು ಇಪ್ಪತ್ತಾರು ಗೂಂಡಾಗಳು ಸೇರಿ ಹೇಳದ್ದನ್ನು ಇವನೊಬ್ಬ ಹೇಳಿದ್ದ. ಮಾಮಾ ಬೇಕೆಂದು ತಿರುಗುತ್ತಿದ್ದದ್ದು ಇದು. ನಾನು ಅವನ ಚೀಲ ತುಂಬಿಸಿ ಕೊಟ್ಟದ್ದು ಬರಿಯ ತೌಡು.

ಎಂಟನೆಯ ದಿನ ಬೆಳಿಗ್ಗೆ ನನ್ನ ಹಾಳೆ ಬಂತು. ಹೆಡ್‌ಮಾಸ್ತರರ ಪತ್ರಕ್ಕೆ ಟಪಾಲು ಚೀಟಿ ಹಚ್ಚಿ ಪಕ್ಕದಲ್ಲಿಟ್ಟಿದ್ದ, ಮಧ್ಯಾಹ್ನ ಹಾಕುವವನಿದ್ದ. ನಲವತ್ತಕ್ಕೆ ನಲವತ್ತರ ಸರಿಯುತ್ತರವೂ ನನಗೆ ಗೊತ್ತಿತ್ತು. ಇಪ್ಪತ್ತೆರಡನೆಯದರವರೆಗೆ ನಾನು ಯಾವ ಗೊಬ್ಬೂರಿನ ಹುಡುಗನಿಗೂ ಕಡಿಮೆ ಇರಲಿಲ್ಲ. ಇಪ್ಪತ್ಮೂರನೆಯದು: 'ಬೇರೆಯವರ ಮೆಚ್ಚುಗೆಗಾಗಿ ಸುಳ್ಳು ಹೇಳಿದ್ದುಂಟೇ?' ಹೌದು, ಇಲ್ಲ ಎಂದು ಗೆರೆ ಹಾಕಿದರೆ ಸಾಕು. ನಾನು 'ಹೌದು' ಎಂಬುದಕ್ಕೆ ಗೆರೆ ಹಾಕಿದೆ. ಹಾಳೆ ತಿರುವಿದೆ. ಅಕ್ಕನಿಂದ ಸುರುಮಾಡಿ ಹೋಳಿಗೆ, ಶರಣಪ್ಪ, ತಾಲೀಮು, ಸಿನೆಮಾ ಎಲ್ಲ ಬರೆದೆ. ಜಾಗ ಸಾಲದೆ ಇನ್ನೊಂದು ಹಾಳೆ ಕೇಳಿದೆ. ಈಚಲ ಬನದಲ್ಲಿ ಏಕೆ ಕುಡಿದೆ ಎಂಬುದನ್ನೂ ಬರೆದೆ: ಮೊದಲ ಗುಟುಕಿಗೆ ನನಗೆ ಕೆಮ್ಮು ಬಂತು, ಗೆಳೆಯರು ನಕ್ಕರು, ಅವರ ನಗು ನಿಲ್ಲಿಸಲು ನಾಲ್ಕು ಮಗಿ ಬೇಕಾಯಿತು.

ಮಾಮಾ ಓದಿದ. ಎರಡು ಸಲ ಓದಿದ. ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವನ ಚಪ್ಪಲಿ ನೋಡುತ್ತ ನಿಂತೆ.

'ಗೊಬ್ಬೂರಾಗ ನಿನಗ ಯಾವಾಗ ತಿಳೀತು?'

'ಎರಡನೇ ಹೋಳಿಗೀಗಿ.'

'ತಿಂದದ್ದೆಷ್ಟು?'

'ಆರು.'

ಹೆಡ್‌ಮಾಸ್ತರರ ಪತ್ರವನ್ನು ಚೀಟಿಸಮೇತ ನಾಲ್ಕು ಚೂರು ಮಾಡಿದ. ಹೊಡೆಯುತ್ತಾನೆಂದು ಕಾದೆ. ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. 'ತಪ್ಪು ನಂದೂ ಅದ' ಎಂದ, ನನಗಲ್ಲ, ಗೋಡೆಗೆ. 'ಬಾವ್ಯಾಗ ನೀರಿಲ್ಲ ಅಂದಾಗರೆ ತಿಳೀಬೇಕಿತ್ತು.' ಆಮೇಲೆ ನನ್ನ ಕಡೆ ತಿರುಗಿದ. 'ಗಂಟು ಕಟ್ಟು. ಬಂದ ಹಾದೀಲೇ ಹ್ವಾಗೂಣು. ಊರೂರಿಗಿ ನೀನs ಹೇಳಬೇಕು. ನಾ ಪಕ್ಕಕ್ಕ ನಿಂತಿರ್ತೇನಿ, ಬಾಯಿ ಬಿಡಾಂಗಿಲ್ಲ.'

ಬಂದ ಹಾದಿ

ಆಳಂದದ ತಾಲೀಮಿನಲ್ಲಿ ನಾನು ನಿಂತು ಹೇಳಿ ಮುಗಿಸುವವರೆಗೆ ಯಾರೂ ನಗಲಿಲ್ಲ. ಆಮೇಲೆ ಹಣಮಂತ ನನ್ನನ್ನು ಎತ್ತಿ ಕೆಂಪು ಮಣ್ಣಿನಲ್ಲಿ ಊರಿ, 'ಸಿನೆಮಾದಾಗ ಹಿಂಗ ಇರ್ತದೇನಲೇ?' ಎಂದು ಕೇಳಿದ. ಇಪ್ಪತ್ತಾರು ಜನರೂ ಒಬ್ಬೊಬ್ಬರಾಗಿ ಕೇಳಿದರು. ಕಿವಿಯಿಂದ ಮಣ್ಣು ತೆಗೆಯಲು ನನಗೆ ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಮಾಮಾ ಹಾಳೆ ಬಿಟ್ಟು, ಒಬ್ಬೊಬ್ಬನನ್ನೇ ಕೆರೆಯ ಕಡೆ ನಡೆಸಿಕೊಂಡು ಹೋಗಿ ಮಾತಾಡಿಸಿದ. ಹಣಮಂತ ಜೀವಮಾನದಲ್ಲಿ ಒಂದು ಸಲ ಶಿಂದಿ ಮೂಸಿದ್ದನಂತೆ. ನಿಜವಾಗಿ ಕುಡಿಯುತ್ತಿದ್ದವರು ಬೇರೆಯೇ ಇಬ್ಬರು. ಹಾಳೆಯಲ್ಲಿ ಅವರ ಸುಳ್ಳು ಎಲ್ಲರಿಗಿಂತ ಸಪ್ಪೆಯಾಗಿತ್ತು.

ಗೊಬ್ಬೂರಿನಲ್ಲಿ ಗೌಡರು ನನ್ನ ಮಾತು ಕೇಳಿ ಎದ್ದು ಹೊಲಕ್ಕೆ ಹೋದರು. ಗೌಡತಿ ಊಟಕ್ಕೆ ಹಾಕಿದರು. ಆ ಮನೆಯಲ್ಲಿ ಬಂದವರನ್ನು ಉಪವಾಸ ಕಳಿಸುವುದಿಲ್ಲ. ರೊಟ್ಟಿ, ಖಾರದ ಹಿಂಡಿ. ಬೀಸಣಿಕೆ ಇಲ್ಲ. 'ಅಕ್ಕನ ಹೆಸರ ಮ್ಯಾಲೆ ಉಂಡ್ಯಲ್ಲೋ ತಮ್ಮಾ' ಎಂದಷ್ಟೇ ಅಂದರು. ಶರಣಪ್ಪ ಮಾತ್ರ ದನದ ಕೊಟ್ಟಿಗೆಯ ಹತ್ತಿರ ನನ್ನನ್ನು ನಿಲ್ಲಿಸಿ, 'ಛಲೋ ಆತು ಬಿಡು. ನನಗ ಓದಾಕ ಬರಾಂಗಿಲ್ಲ ಅಂತ ಇನ್ನ ಅಪ್ಪ ಒಪ್ಪಿಕೊಂಡ್ರೂ ನಡೀತದ' ಎಂದು ಒಂದು ಗುದ್ದು ಕೊಟ್ಟ. ಸಣ್ಣ ಗುದ್ದೇ. ಬೆನ್ನು ಇನ್ನೂ ನೋಯುತ್ತದೆ.

ಇಂಡಿ

ಮನೆ ಮುಟ್ಟಿದ ದಿನ ಅಪ್ಪ ಕೈಕಾಲು ತೊಳೆಯಲೂ ಬಿಡಲಿಲ್ಲ. ಸೊಲ್ಲಾಪುರದ ದೊಡ್ಡಪ್ಪನಿಗೆ ಕಾಗದ ಬರೆದು ಸಿದ್ಧವಾಗಿಟ್ಟಿದ್ದ. 'ಏನ ಬಂತು ಪರೀಕ್ಷಾದಾಗ? ಅಂಗಡಿಯೋ, ಸಾಲಿಯೋ?'

ಮಾಮಾ ಮಡಚಿದ ಒಂದು ಹಾಳೆ ಕೊಟ್ಟ. ಹಾದಿಯುದ್ದಕ್ಕೂ ನಾನು ಅದನ್ನು ಕದ್ದು ನೋಡಲು ಹವಣಿಸಿದ್ದೆ. ಅವನು ರಾತ್ರಿ ಅದರ ಮೇಲೆಯೇ ಮಲಗುತ್ತಿದ್ದ. ಅಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ:

'ಈ ಹುಡುಗನು ಕುಡುಕನಾಗುವನೋ ಇಲ್ಲವೋ ನನಗೆ ತಿಳಿಯದು. ಜನ ನಗಲಿ ಎಂದು ಸುಳ್ಳು ಹೇಳುತ್ತಾನೆ. ಹೇಳಿದ ಸುಳ್ಳನ್ನು ತಾನಾಗಿ ಒಪ್ಪಿಕೊಳ್ಳುತ್ತಾನೆ. ಎರಡನೆಯದಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ. ಆ ಕಾಲವನ್ನು ಅವನು ಶಾಲೆಯಲ್ಲಿ ಕಳೆಯುವುದು ಒಳ್ಳೆಯದು.'

ಅಪ್ಪ ಹಾಳೆ ತಿರುವಿ ನೋಡಿದ. ಹಿಂದೆ ಏನೂ ಇರಲಿಲ್ಲ. ನನ್ನನ್ನು ನೋಡಿದ, ಸೊಲ್ಲಾಪುರದ ಕಾಗದ ನೋಡಿದ.

'ಕಾಲ ಅಂದ್ರ ಎಷ್ಟ ಹಿಡೀತದ, ಗುರುಪಾದ?'

'ಮ್ಯಾಟ್ರಿಕ್ ಮುಗಿಯೂತನಕ ಹಿಡೀತದ್ರಿ ಮಾವಾರ' ಎಂದ ಮಾಮಾ, ಮುಖ ಗಂಟುಹಾಕಿಕೊಂಡು.

ಅದು ಸುಳ್ಳೆಂದು ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದೆ.